ದಾಕ್ಷಿಣ್ಯ ಬಿಟ್ಟು ರಜೆ ಪುಸ್ತಕ ಹಿಡಿಯಿರಿ: ಮಲೆನಾಡಿನ ಸಣ್ಣ ಉದ್ಯೋಗದಾತರಿಗೆ ಕಾಯಿಲೆ, ಹೆರಿಗೆ ಮತ್ತು ಕುಟುಂಬ ರಜೆಯ ಮಾರ್ಗದರ್ಶಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಅಡಿಕೆ ಮಂಡಿ, ಹಾಳೆ ತಟ್ಟೆ ಘಟಕ, ಬಟ್ಟೆ ಅಂಗಡಿ, ಗ್ಯಾರೇಜುಗಳಲ್ಲಿ ರಜೆ ಎಂಬುದು ಬಹುಮಟ್ಟಿಗೆ ಬಾಯಿಮಾತಿನ ವ್ಯವಹಾರ. ‘ಅಪ್ಪಯ್ಯಂಗೆ ಹುಷಾರಿಲ್ಲ, ನಾಲ್ಕು ದಿನ ಬರಕ್ಕಾಗಲ್ಲ’ ಎಂದು ಕೆಲಸಗಾರ ಹೇಳುತ್ತಾನೆ, ‘ಆಯ್ತು, ಹೋಗ್ಬಾ’ ಎಂದು ಯಜಮಾನರು ಹೇಳುತ್ತಾರೆ, ಅಲ್ಲಿಗೆ ಅರ್ಜಿ, ಮಂಜೂರಾತಿ ಎರಡೂ ಮುಗಿದಂತೆ. ತಕರಾರು ಹುಟ್ಟುವುದು ಬಟವಾಡೆಯ ದಿನ. ಹೋದದ್ದು ನಾಲ್ಕು ದಿನವೋ ಒಂಬತ್ತು ದಿನವೋ, ಅದರಲ್ಲಿ ಸಂಬಳವಿರುವುದು ಎಷ್ಟು, ಕಳೆದ ವರ್ಷ ಇನ್ನೊಬ್ಬನಿಗೆ ಕೊಟ್ಟದ್ದು ಇವನಿಗೇಕಿಲ್ಲ ಎಂಬ ಪ್ರಶ್ನೆಗಳು ಒಟ್ಟಿಗೇ ಏಳುತ್ತವೆ. ನಮ್ಮ ಕಡೆಯ ತೊಡಕು ಬಹಳ ಸಲ ಜಿಪುಣತನದ್ದಲ್ಲ, ದಾಕ್ಷಿಣ್ಯದ್ದು. ಕೆಲಸಗಾರನಿಗೆ ಕೇಳಲು ಸಂಕೋಚ, ಉದ್ಯೋಗದಾತನಿಗೆ ಚೀಟಿ ಕೇಳಲು ಸಂಕೋಚ. ದಾಕ್ಷಿಣ್ಯದಿಂದ ಕೊಟ್ಟ ರಜೆಯನ್ನು ಬೇಸರ ಬಂದಾಗ ಹಿಂದಕ್ಕೆ ಪಡೆಯಲೂ ಮನಸ್ಸಾಗುತ್ತದೆ, ಆದರೆ ಹಕ್ಕಿನ ರಜೆಯನ್ನು ಹಾಗೆ ಹಿಂಪಡೆಯಲು ಬರುವುದಿಲ್ಲ. ಯಾವುದು ಯಾವ ಬಗೆಯದು ಎಂದು ಮೊದಲೇ ಬರೆದಿಟ್ಟುಕೊಳ್ಳುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ಸಣ್ಣ ಘಟಕವೊಂದರ ಹಾಜರಿ ಪುಸ್ತಕ ಮತ್ತು ಲೆಕ್ಕಪತ್ರ ನೋಡಿಕೊಂಡು ಬಂದ ಅನುಭವದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹಂತ: ನೀವು ಯಾವ ಕಾನೂನಿನ ಅಡಿ ಬರುತ್ತೀರಿ ಎಂದು ತಿಳಿದುಕೊಳ್ಳಿ

ಅಂಗಡಿ, ಮಂಡಿ, ಹೋಟೆಲು, ಕಚೇರಿಗಳಿಗೆ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ ಅನ್ವಯಿಸುತ್ತದೆ. ಅದರ 15ನೇ ಪ್ರಕರಣದಂತೆ ಕೆಲಸ ಮಾಡಿದ ಪ್ರತಿ 20 ದಿನಕ್ಕೆ 1 ದಿನದ ಸಂಬಳಸಹಿತ ರಜೆ ಜಮೆಯಾಗುತ್ತದೆ. ಅದಲ್ಲದೆ ವರ್ಷಕ್ಕೆ 12 ದಿನಗಳವರೆಗೆ ಕಾಯಿಲೆ, ಅಪಘಾತ ‘ಅಥವಾ ಬೇರೆ ಯಾವುದೇ ಯುಕ್ತ ಕಾರಣ’ಕ್ಕೆ ಸಂಬಳಸಹಿತ ರಜೆ ಇದೆ. ಈ ಕೊನೆಯ ಮಾತನ್ನು ಹೆಚ್ಚಿನ ಮಾಲೀಕರು ಓದಿಯೇ ಇರುವುದಿಲ್ಲ. ಕೆಲಸಗಾರನಿಗೇ ಕಾಯಿಲೆ ಬರಬೇಕೆಂದಿಲ್ಲ. ತಾಯಿಯನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಸೇರಿಸಿ ಹಾಸಿಗೆಯ ಪಕ್ಕ ಕುಳಿತವನಿಗೂ ಈ 12 ದಿನಗಳು ಸಲ್ಲುತ್ತವೆ.

ಕಾರ್ಖಾನೆ, ತೋಟಗಳ ಸಂಗತಿ ಬೇರೆ. ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದಿದ್ದು, 1948ರ ಕಾರ್ಖಾನೆಗಳ ಅಧಿನಿಯಮ, 1961ರ ಹೆರಿಗೆ ಸೌಲಭ್ಯ ಅಧಿನಿಯಮ, 1948ರ ನೌಕರರ ರಾಜ್ಯ ವಿಮಾ ಅಧಿನಿಯಮಗಳ ವಿಷಯಗಳೆಲ್ಲ ಈಗ ಆ ಸಂಹಿತೆಗಳೊಳಗೆ ಸೇರಿವೆ. ವಿದ್ಯುತ್ ಬಳಸುವ ಘಟಕದಲ್ಲಿ 20 ಜನ, ಬಳಸದ ಕಡೆ 40 ಜನ ಇದ್ದರೆ ಅದು ಕಾರ್ಖಾನೆ. ವಾರ್ಷಿಕ ರಜೆಗೆ ಮೊದಲು 240 ದಿನ ದುಡಿದಿರಬೇಕಿತ್ತು, ಈಗ 180 ದಿನ ಸಾಕು. ರಾಜ್ಯದ ಅಂಗಡಿ ಕಾನೂನು ಸಂಹಿತೆಗಳಲ್ಲಿ ವಿಲೀನವಾಗಿಲ್ಲ. ನಮೂನೆ, ರಿಜಿಸ್ಟರುಗಳು ಬದಲಾಗುವ ಕಾಲವಾದ್ದರಿಂದ ಹಳೆಯ ಅಚ್ಚಿನ ಪುಸ್ತಕವನ್ನೇ ನಂಬದೆ ಒಮ್ಮೆ ಕಾರ್ಮಿಕ ಅಧಿಕಾರಿಗಳ ಕಚೇರಿಯಲ್ಲಿ ಕೇಳಿ ಬರುವುದು ಒಳ್ಳೆಯದು.

ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ ಕೂಡ ಬರುತ್ತದೆ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು ಅದರೊಳಗೆ. ಅಂಗವಿಕಲರಿಗೆ ಈ ಮಿತಿ 25,000 ರೂಪಾಯಿ. ವಂತಿಗೆ 2019ರ ಜುಲೈನಿಂದ ಉದ್ಯೋಗದಾತನದು ಶೇ 3.25, ಕೆಲಸಗಾರನದು ಶೇ 0.75. 18,000 ರೂಪಾಯಿ ಸಂಬಳಕ್ಕೆ ನಿಮ್ಮ ಪಾಲು 585, ಅವರ ಪಾಲು 135 ರೂಪಾಯಿ. ಇದನ್ನು ದಂಡವೆಂದು ಗೊಣಗುವವರನ್ನು ಕಂಡಿದ್ದೇನೆ. ಆದರೆ ಆರು ತಿಂಗಳ ಹೆರಿಗೆ ರಜೆಯ ಸಂಬಳ ನಿಮ್ಮ ಗಲ್ಲಾಪೆಟ್ಟಿಗೆಯಿಂದ ಹೋಗುತ್ತದೋ ಇಎಸ್‌ಐ ನಿಗಮದಿಂದ ಬರುತ್ತದೋ ಎಂಬುದು ಈ 585 ರೂಪಾಯಿಯ ಮೇಲೆ ನಿಂತಿದೆ.

ಎರಡನೇ ಹಂತ: ಒಂದು ಪುಟದ ರಜೆ ನಿಯಮ, ಒಂದು ರಜೆ ಪುಸ್ತಕ

ದೊಡ್ಡ ಕಂಪನಿಗಳ ಹಾಗೆ ನಲವತ್ತು ಪುಟದ ನಿಯಮಾವಳಿ ನಮಗೆ ಬೇಡ. ಕನ್ನಡದಲ್ಲಿ ಒಂದೇ ಪುಟ ಬರೆದು ಹಾಜರಿ ಪುಸ್ತಕ ಇಡುವ ಜಾಗದಲ್ಲಿ ಅಂಟಿಸಿದರೆ ಸಾಕು. ರಜೆಯನ್ನು ಯಾರಿಗೆ ತಿಳಿಸಬೇಕು, ಫೋನಿನಲ್ಲಿ ಹೇಳಿದರೆ ನಡೆಯುತ್ತದೆಯೇ, ಎಷ್ಟು ದಿನ ಮೀರಿದರೆ ವೈದ್ಯರ ಚೀಟಿ ಬೇಕು, ಸಂಬಳವಿರುವ ದಿನಗಳು ಮುಗಿದ ಮೇಲೆ ಏನು ಎಂಬ ನಾಲ್ಕು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿರಬೇಕು. ಮೊಬೈಲ್ ಸಿಗ್ನಲ್ ಸಿಗದ ಹೊಸನಗರದ ಒಳಹಳ್ಳಿಯಿಂದ ಬರುವವರೂ ಇರುತ್ತಾರೆ. ಆದ್ದರಿಂದ ಜೊತೆಯ ಕೆಲಸಗಾರನ ಬಳಿ ಹೇಳಿ ಕಳುಹಿಸಿದರೂ ಆ ದಿನದ ಮಟ್ಟಿಗೆ ಅದನ್ನು ಸೂಚನೆಯೆಂದು ಒಪ್ಪಿಕೊಳ್ಳಬೇಕು.

ರಜೆ ಪುಸ್ತಕದಲ್ಲಿ ಪ್ರತಿಯೊಬ್ಬರಿಗೂ ಒಂದು ಪುಟ. ರಜೆ ಶುರುವಾದ ದಿನ, ಮರಳಿ ಬರಬೇಕಾದ ದಿನ, ನಿಜವಾಗಿ ಬಂದ ದಿನ, ಯಾವ ಖಾತೆಯಿಂದ ಕಳೆಯಿತು ಎಂಬ ನಾಲ್ಕು ಮನೆ, ಕೊನೆಗೆ ಇಬ್ಬರ ಸಹಿ. ನಾನು ಈ ಪುಸ್ತಕ ಶುರು ಮಾಡಿದ್ದೇ ನನ್ನದೇ ತಪ್ಪಿನಿಂದ. ಪ್ಯಾಕಿಂಗ್ ನೋಡಿಕೊಳ್ಳುತ್ತಿದ್ದ ಒಬ್ಬರು ತಂದೆಯ ಆಪರೇಷನ್ನಿಗೆಂದು ಮೂರು ಸಲ ಬಿಟ್ಟು ಬಿಟ್ಟು ಹೋಗಿದ್ದರು. ಮೂರು ಸಲವೂ ‘ಪರವಾಗಿಲ್ಲ’ ಎಂದೆನೇ ಹೊರತು ಬರೆದುಕೊಳ್ಳಲಿಲ್ಲ. ತಿಂಗಳ ಕೊನೆಗೆ ನನ್ನ ಲೆಕ್ಕದಲ್ಲಿ 14 ದಿನ, ಅವರ ಲೆಕ್ಕದಲ್ಲಿ 11 ದಿನ ಆಗಿತ್ತು. ಹಣ ಕೊಟ್ಟು ಮುಗಿಸಿದೆ, ಆದರೆ ಆ ಮೂರು ದಿನಗಳ ಅನುಮಾನ ಇಬ್ಬರ ನಡುವೆ ಬಹಳ ಕಾಲ ಉಳಿದಿತ್ತು.

ಮೂರನೇ ಹಂತ: ಕಾಯಿಲೆ ರಜೆ

ಎರಡು ದಿನದವರೆಗಿನ ಜ್ವರ, ಶೀತಕ್ಕೆ ಚೀಟಿ ಕೇಳಬೇಡಿ ಎಂಬುದು ನನ್ನ ಸಲಹೆ. ಆಷಾಢದ ಮಳೆಯಲ್ಲಿ ಒಂದು ಚೀಟಿಗಾಗಿ ಜ್ವರದವನನ್ನು ಬಸ್ಸು ಹತ್ತಿಸುವುದು ವಿವೇಕವಲ್ಲ. ಮೂರನೇ ದಿನಕ್ಕೆ ಹೋದರೆ ನೋಂದಾಯಿತ ವೈದ್ಯರ ಚೀಟಿ ಬೇಕು, ಇಎಸ್‌ಐ ಇದ್ದವರಿಗೆ ಇಎಸ್‌ಐ ವೈದ್ಯರ ಪ್ರಮಾಣಪತ್ರವೇ ಬೇಕು. ಇಲ್ಲದಿದ್ದರೆ ಅವರಿಗೆ ಸಿಗಬೇಕಾದ ಹಣ ತಪ್ಪುತ್ತದೆ.

ಇಎಸ್‌ಐ ಕಾಯಿಲೆ ಭತ್ಯೆ ದಿನದ ಸರಾಸರಿ ಕೂಲಿಯ ಶೇ 70, ವರ್ಷಕ್ಕೆ 91 ದಿನಗಳವರೆಗೆ. ಸರಾಸರಿ 600 ರೂಪಾಯಿ ಎಂದು ಬಂದರೆ ದಿನಕ್ಕೆ 420 ರೂಪಾಯಿ. ಇದಕ್ಕೆ ಹಿಂದಿನ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಕಟ್ಟಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದು ಮುಂದಿನ ಜನವರಿಯಿಂದ ಜೂನ್‌ವರೆಗೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ್ದು ಜುಲೈಯಿಂದ ಡಿಸೆಂಬರ್‌ವರೆಗೆ ಫಲ ಕೊಡುತ್ತದೆ. ಸುಗ್ಗಿಗೆ ಸೇರಿಸಿಕೊಂಡವರ ಹೆಸರನ್ನು ‘ಆಮೇಲೆ ನೋಡೋಣ’ ಎಂದು ನೋಂದಾಯಿಸದೆ ಬಿಟ್ಟರೆ, ಅವರು ಮಲಗಿದಾಗ ಈ 78 ದಿನಗಳ ಲೆಕ್ಕ ತುಂಬಿರುವುದಿಲ್ಲ. ಕ್ಷಯ, ಕ್ಯಾನ್ಸರ್‌ನಂತಹ ಪಟ್ಟಿ ಮಾಡಿದ 34 ದೀರ್ಘ ಕಾಯಿಲೆಗಳಿಗೆ ಶೇ 80ರಂತೆ ಹೆಚ್ಚುವರಿ ಅವಧಿಗೆ ಭತ್ಯೆ ಉಂಟು.

ಇಲ್ಲಿ ಎರಡು ಸೂಕ್ಷ್ಮಗಳಿವೆ. ಕಾಯಿಲೆಯ ಮೊದಲ ಎರಡು ದಿನಗಳಿಗೆ ಇಎಸ್‌ಐ ಭತ್ಯೆ ಇಲ್ಲ, ಅದನ್ನು ಅಂಗಡಿ ಕಾನೂನಿನ 12 ದಿನಗಳ ಖಾತೆಯಿಂದ ಕೊಡಿ. ಆದರೆ ನೀವು ಸಂಬಳಸಹಿತ ರಜೆ ಎಂದು ಬರೆದ ದಿನಕ್ಕೆ ಇಎಸ್‌ಐ ಭತ್ಯೆ ಬರುವುದಿಲ್ಲ. ಒಂದೇ ದಿನವನ್ನು ಎರಡು ಕಡೆ ತೋರಿಸಿದರೆ ಮುಂದೆ ಉತ್ತರ ಹೇಳಬೇಕಾಗುವುದು ಪಾಪದ ಕೆಲಸಗಾರ. ಆದ್ದರಿಂದ ಯಾವ ದಿನ ಯಾರ ಲೆಕ್ಕಕ್ಕೆ ಎಂದು ಅವರನ್ನು ಕೂರಿಸಿಕೊಂಡೇ ಬರೆಯಿರಿ.

ಮಲೆನಾಡಿನವರು ಮಂಗನ ಕಾಯಿಲೆಯನ್ನು ಬೇರೆಯಾಗಿಯೇ ನೋಡಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣ್ಣೆಗಳಿಂದ ಹರಡುತ್ತದೆ. ಅದು ಹೆಚ್ಚುವುದು ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಅಡಿಕೆ ಕೊಯ್ಲು, ದರಗು ಗುಡಿಸುವುದು, ಸೌದೆ ತರುವುದು ನಡೆಯುವ ಕಾಲದಲ್ಲೇ. ಉದ್ಯೋಗದಾತರು ನೆನಪಿಡಬೇಕಾದ ಸಂಗತಿಯೆಂದರೆ ಇದು ಒಂದೇ ಸುತ್ತಿನಲ್ಲಿ ಮುಗಿಯದಿರಬಹುದು. ಮೊದಲ ಜ್ವರ ಇಳಿದು, ಮನುಷ್ಯ ಎದ್ದು ಓಡಾಡಿ, ಒಂದೆರಡು ವಾರದ ಮೇಲೆ ಕೆಲವರಿಗೆ ಜ್ವರ, ವಿಪರೀತ ತಲೆನೋವು, ನಡುಕ ಮರಳಿ ಬರುತ್ತವೆ. ಜ್ವರ ಬಿಟ್ಟಿತು, ಅಡಿಕೆ ಕೊನೆ ಕೊಯ್ಯುವವರಿಲ್ಲ ಎಂದು ಐದನೇ ದಿನಕ್ಕೇ ಕರೆಸಿಕೊಳ್ಳುವುದು ತಪ್ಪಾಗುವುದು ಇಲ್ಲೇ. ವೈದ್ಯರು ಬರೆದ ವಿಶ್ರಾಂತಿಯ ದಿನಗಳನ್ನು ಪೂರ್ತಿ ಕೊಡಿ, ಮರಳಿದ ಮೇಲೂ ಕೆಲವು ವಾರ ಮೂಟೆ ಹೊರುವ, ಮರ ಹತ್ತುವ ಕೆಲಸ ಬೇಡ. ಎರಡನೇ ಸುತ್ತು ಹದಿನೈದು ದಿನದೊಳಗೆ ಬಂದರೆ ಇಎಸ್‌ಐಯ ಆ ಎರಡು ದಿನಗಳ ಕಾಯುವ ನಿಯಮ ಮತ್ತೆ ಅನ್ವಯಿಸುವುದಿಲ್ಲ ಎಂಬುದನ್ನೂ ಅವರಿಗೆ ತಿಳಿಸಿ. ಉಣ್ಣೆ ಕಚ್ಚದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಹಂಚುವ ಡೀಪಾ ಎಣ್ಣೆಯನ್ನು ಸುಗ್ಗಿಗೆ ಮುಂಚೆಯೇ ತರಿಸಿಟ್ಟರೆ ಈ ಪ್ಯಾರಾದ ಅಗತ್ಯವೇ ಕಡಿಮೆಯಾಗುತ್ತದೆ.

ರಕ್ತ ಪರೀಕ್ಷೆಯ ವರದಿಯನ್ನು ಕೇಳಬೇಡಿ. ಎಷ್ಟು ದಿನ ಕೆಲಸ ಮಾಡಲಾಗದು ಎಂಬ ವೈದ್ಯರ ಮಾತು ನಿಮಗೆ ಬೇಕೇ ಹೊರತು ಕಾಯಿಲೆಯ ಹೆಸರಲ್ಲ. ರಜೆ ಪುಸ್ತಕದಲ್ಲಿ ‘ಕಾಯಿಲೆ’ ಎಂದಷ್ಟೇ ಇರಲಿ, ಚೀಟಿಗಳು ಬೇರೆ ಕವರಿನಲ್ಲಿ, ಬೀಗದೊಳಗಿರಲಿ. ನಮ್ಮಂತಹ ಊರುಗಳಲ್ಲಿ ಒಬ್ಬರ ಕಾಯಿಲೆ ಸಂಜೆಯೊಳಗೆ ಚಹಾ ಅಂಗಡಿ ತಲುಪುತ್ತದೆ. ಎಚ್‌ಐವಿ ವಿಷಯದಲ್ಲಂತೂ ಗೋಪ್ಯತೆ ಕಾಯುವುದು, ಕೆಲಸದಿಂದ ತೆಗೆಯದಿರುವುದು 2017ರ ಕಾನೂನಿನ ಆಜ್ಞೆ.

ನಾಲ್ಕನೇ ಹಂತ: ಹೆರಿಗೆ ರಜೆ

ಹತ್ತು ಅಥವಾ ಹೆಚ್ಚು ಜನರಿರುವ ಎಲ್ಲ ಅಂಗಡಿ, ಸಂಸ್ಥೆಗಳಿಗೂ, ಕೆಲಸಗಾರರ ಸಂಖ್ಯೆ ಎಷ್ಟೇ ಇರಲಿ ಕಾರ್ಖಾನೆ, ತೋಟಗಳಿಗೂ ಇದು ಅನ್ವಯಿಸುತ್ತದೆ. ಸಾಮಾಜಿಕ ಭದ್ರತಾ ಸಂಹಿತೆಯ ಆರನೇ ಅಧ್ಯಾಯದಲ್ಲಿ ಇದರ ವಿವರವಿದೆ. ಹಳೆಯ ಹೆರಿಗೆ ಸೌಲಭ್ಯ ಅಧಿನಿಯಮಕ್ಕೆ 2017ರ ತಿದ್ದುಪಡಿಯಲ್ಲಿ ಬಂದ ಅಂಕಿಗಳೇ ಅಲ್ಲೂ ಉಳಿದಿವೆ. ಮೊದಲ ಎರಡು ಮಕ್ಕಳಿಗೆ 26 ವಾರ, ಅದರಲ್ಲಿ ಹೆರಿಗೆಗೆ ಮುಂಚೆ 8 ವಾರ ಮೀರುವಂತಿಲ್ಲ. ಆಗಲೇ ಇಬ್ಬರು ಮಕ್ಕಳಿದ್ದರೆ 12 ವಾರ. ಗರ್ಭಪಾತವಾದರೆ 6 ವಾರ. ಬಸಿರು, ಹೆರಿಗೆಯಿಂದಾಗಿ ಕಾಯಿಲೆ ಬಿದ್ದರೆ ಇನ್ನೂ ಒಂದು ತಿಂಗಳವರೆಗೆ ರಜೆಯಿದೆ. ನಿರೀಕ್ಷಿತ ಹೆರಿಗೆಯ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಅರ್ಹತೆ ಬರುತ್ತದೆ. ಗುತ್ತಿಗೆಯವರು, ದಿನಗೂಲಿಯವರು ಎಂಬ ಭೇದ ಇಲ್ಲಿಲ್ಲ.

ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ. ತಾಯಿ ಕಾರ್ಡಿನಲ್ಲಿ ಹೆರಿಗೆಯ ದಿನ 2026ರ ಮಾರ್ಚ್ 15 ಎಂದು ಬರೆದಿದೆ ಎನ್ನಿ. ಎಂಟು ವಾರ ಹಿಂದಕ್ಕೆ ಎಣಿಸಿದರೆ ಜನವರಿ 18. ಅದಕ್ಕಿಂತ ಮುಂಚೆ ಈ ರಜೆ ಶುರುವಾಗದು. ಅಂದಿನಿಂದ 26 ವಾರ, ಅಂದರೆ 182 ದಿನ, ಜುಲೈ 18ರ ಶನಿವಾರಕ್ಕೆ ಮುಗಿಯುತ್ತದೆ. ಆಕೆ ಮರಳುವುದು ಜುಲೈ 20ರ ಸೋಮವಾರ. ವಾರವೆಂದರೆ ಭಾನುವಾರವೂ ಸೇರಿ ಏಳು ದಿನ ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿರುವುದರಿಂದ 26 ಭಾನುವಾರಗಳನ್ನು ಕಳೆದು 156 ದಿನಕ್ಕೆ ಹಣ ಕೊಡುವ ಜಾಣತನ ನಡೆಯದು. ದರ ನಿರ್ಧಾರವಾಗುವುದು ರಜೆಗೆ ಹಿಂದಿನ ಮೂರು ತಿಂಗಳಲ್ಲಿ ಕೆಲಸ ಮಾಡಿದ ದಿನಗಳ ಸರಾಸರಿ ಕೂಲಿಯ ಮೇಲೆ. ಇಎಸ್‌ಐಯಲ್ಲಿರುವವರಿಗೆ ಪೂರ್ತಿ ಹಣವನ್ನು ನಿಗಮ ಕೊಡುತ್ತದೆ. 21,000 ರೂಪಾಯಿ ಮೀರಿದವರಿಗೆ ನೀವೇ ಕೊಡಬೇಕು. ಹೆರಿಗೆಗೆ ಮುಂಚಿನ ಅವಧಿಯ ಹಣವನ್ನು ಬಸಿರಿನ ದಾಖಲೆ ತೋರಿಸಿದಾಗ ಮುಂಗಡವಾಗಿಯೂ, ಉಳಿದದ್ದನ್ನು ಹೆರಿಗೆಯ ದಾಖಲೆ ಕೊಟ್ಟ 48 ಗಂಟೆಗಳೊಳಗೂ ಕೊಡಬೇಕು. ನೀವು ಹೆರಿಗೆಯ ಮುಂಚಿನ, ನಂತರದ ಆರೈಕೆಯನ್ನು ಉಚಿತವಾಗಿ ಒದಗಿಸದಿದ್ದರೆ 3,500 ರೂಪಾಯಿಯ ವೈದ್ಯಕೀಯ ಬೋನಸ್ಸೂ ಸೇರುತ್ತದೆ. ಸಣ್ಣ ಸಂಸ್ಥೆಗೆ ಇದು ಸಣ್ಣ ಮೊತ್ತವೇನಲ್ಲ. ಸುದ್ದಿ ತಿಳಿದ ತಿಂಗಳಿಂದಲೇ ಸ್ವಲ್ಪ ಸ್ವಲ್ಪ ತೆಗೆದಿಟ್ಟರೆ ಜನವರಿಯಲ್ಲಿ ಮಂಡಿ ಸಾಹುಕಾರರ ಮುಂದೆ ಕೈ ಚಾಚಬೇಕಾಗಿಲ್ಲ.

ಆದರೆ ಸುದ್ದಿ ತಿಳಿಯಬೇಕಲ್ಲ. ಏಳನೇ ತಿಂಗಳವರೆಗೆ ಹೇಳದೆ ಇರುವ ಹೆಣ್ಣುಮಕ್ಕಳಿದ್ದಾರೆ, ಹೇಳಿದರೆ ಕೆಲಸ ಹೋದೀತೆಂಬ ಭಯದಿಂದ. ಈ ಭಯ ಕಳೆಯುವ ಹೊಣೆ ಉದ್ಯೋಗದಾತನದು. ಹೆರಿಗೆ ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವುದು, ಸಂಬಳ ಅಥವಾ ಸೇವಾ ಷರತ್ತುಗಳನ್ನು ಆಕೆಗೆ ನಷ್ಟವಾಗುವಂತೆ ಬದಲಿಸುವುದು ಕಾನೂನುಬಾಹಿರ. ಇದನ್ನು ಗೋಡೆಯ ಆ ಒಂದು ಪುಟದಲ್ಲೇ ಬರೆಯಿರಿ, ಸೇರುವ ದಿನವೇ ಬಾಯಲ್ಲೂ ಹೇಳಿರಿ. ಹೇಳಲು ಗಂಡಸರ ಬಳಿ ಸಂಕೋಚವಿದ್ದರೆ ಯಾರ ಬಳಿ ಹೇಳಬಹುದೆಂದು ಒಬ್ಬ ಹಿರಿಯ ಕೆಲಸಗಾರ್ತಿಯನ್ನು ಗೊತ್ತುಮಾಡಿ. ಹೆರಿಗೆಯಾದ ಆರು ವಾರ ಆಕೆ ತಾನೇ ಬರುತ್ತೇನೆಂದರೂ ಕೆಲಸಕ್ಕೆ ಹಚ್ಚುವಂತಿಲ್ಲ.

ಮುಟ್ಟಿನ ರಜೆಯ ಬಗ್ಗೆಯೂ ಒಂದು ಮಾತು. 2025ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಆದೇಶದಂತೆ 18ರಿಂದ 52 ವರ್ಷದ ಮಹಿಳಾ ಉದ್ಯೋಗಿಗಳಿಗೆ ತಿಂಗಳಿಗೆ 1 ದಿನ ಸಂಬಳಸಹಿತ ರಜೆ ಇದೆ. ವೈದ್ಯರ ಚೀಟಿ ಬೇಕಿಲ್ಲ, ಈ ತಿಂಗಳದ್ದನ್ನು ಮುಂದಿನ ತಿಂಗಳಿಗೆ ಉಳಿಸಿಕೊಳ್ಳುವಂತಿಲ್ಲ. ಆದೇಶವನ್ನು ಕೆಲವು ಉದ್ಯೋಗದಾತರು ಹೈಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ, ಹಾಗಾಗಿ ಬೆಳವಣಿಗೆಯ ಮೇಲೆ ಕಣ್ಣಿಟ್ಟಿರಿ. ರಜೆ ಪುಸ್ತಕದಲ್ಲಿ ಇದಕ್ಕೊಂದು ಸಂಕೇತಾಕ್ಷರ ಸಾಕು, ಎಲ್ಲರೆದುರು ಕಾರಣ ಹೇಳಿಸುವ ಕೆಲಸ ಬೇಡ.

ಐದನೇ ಹಂತ: ಕಾನೂನು ಸುಮ್ಮನಿರುವ ಕಡೆ

ಖಾಸಗಿ ಕೆಲಸಗಾರನಿಗೆ ತಂದೆಯಾದಾಗಿನ ರಜೆ, ಮನೆಯವರ ಶುಶ್ರೂಷೆಗೆಂದೇ ದೀರ್ಘ ರಜೆ, ಸಾವಿನ ರಜೆ ಇವಕ್ಕೆ ನಮ್ಮಲ್ಲಿ ಪ್ರತ್ಯೇಕ ಕಾನೂನಿಲ್ಲ. ಕೇಂದ್ರ ಸರ್ಕಾರಿ ನೌಕರನಿಗೆ 15 ದಿನ ಪಿತೃತ್ವ ರಜೆ ಇದ್ದರೂ ಮಂಡಿಯ ಗುಮಾಸ್ತನಿಗೆ ಅದಿಲ್ಲ. ಇಲ್ಲಿ ನಿಯಮ ಮಾಡುವವರು ನೀವೇ, ಅದಕ್ಕೇ ಇಲ್ಲಿ ಹೆಚ್ಚು ಯೋಚಿಸಬೇಕು.

ನಮ್ಮ ಕಡೆ ಬಾಣಂತನ ಹೆಚ್ಚಾಗಿ ತವರಿನಲ್ಲಿ. ಗಂಡನಾದವನಿಗೆ ಹದಿನೈದು ದಿನ ಒಟ್ಟಿಗೆ ಬೇಕಾಗುವುದೇ ಅಪರೂಪ. ಹೆರಿಗೆಯ ಸಮಯಕ್ಕೆ ಮೂರ್ನಾಲ್ಕು ದಿನ, ನಾಮಕರಣಕ್ಕೆ ಎರಡು ದಿನ, ಚುಚ್ಚುಮದ್ದಿಗೋ ಮಗುವಿನ ಜ್ವರಕ್ಕೋ ಒಂದೊಂದು ದಿನ, ಕೊನೆಗೆ ಬಾಣಂತಿಯನ್ನು ಕರೆತರಲು ಒಂದು ದಿನ, ಹೀಗೆ ಬಿಡಿಬಿಡಿಯಾಗಿ ಬೇಕು. ಹಾಗಾಗಿ ಮಗು ಹುಟ್ಟಿದ ಆರು ತಿಂಗಳೊಳಗೆ ಬೇಕಾದಂತೆ ಬಳಸಿಕೊಳ್ಳಬಹುದಾದ ಹತ್ತು ದಿನ ಎಂದು ಬರೆದರೆ ನಿಮಗೂ ಹಗುರ, ಅವನಿಗೂ ಉಪಯೋಗ.

ಶುಶ್ರೂಷೆಯ ರಜೆಯಲ್ಲಿ ದೂರವನ್ನು ಲೆಕ್ಕಕ್ಕೆ ಹಿಡಿಯಿರಿ. ಶಿವಮೊಗ್ಗದಿಂದ ಮಣಿಪಾಲಕ್ಕೆ ಬರೆದುಕೊಟ್ಟರೆಂದರೆ ಆಗುಂಬೆ ಘಾಟಿ ಇಳಿದು ಹೋಗಿ ಬರಲಿಕ್ಕೇ ಒಂದು ದಿನ ಬೇಕು, ಮಳೆಗಾಲದಲ್ಲಿ ಘಾಟಿ ಕುಸಿದರೆ ಸುತ್ತು ದಾರಿ. ಮೊದಲು 12 ದಿನಗಳ ಖಾತೆ, ಅದು ಮುಗಿದರೆ ಜಮೆಯಾದ ವಾರ್ಷಿಕ ರಜೆ, ಅದೂ ಮುಗಿದರೆ ಸಂಬಳರಹಿತ ರಜೆ ಎಂಬ ಕ್ರಮವನ್ನು ಮೊದಲೇ ಹೇಳಿಬಿಡಿ. ಸಂಬಳರಹಿತ ರಜೆಗೆ ಮಾತ್ರ ಮರಳುವ ದಿನಾಂಕ ಹಾಕಿ, ಮುಂದುವರಿಸಬೇಕಾದರೆ ಮುಂಚಿನ ದಿನ ತಿಳಿಸಬೇಕೆಂದು ಬರೆದುಕೊಡಿ. ಈ ಹೊತ್ತಿನಲ್ಲಿ ಕೆಲಸಗಾರರು ರಜೆಗಿಂತ ಹೆಚ್ಚಾಗಿ ಕೇಳುವುದು ಅಡ್ವಾನ್ಸ್. ಕೊಡುವುದಾದರೆ ಬೇರೆ ಪುಟದಲ್ಲಿ ಬರೆಯಿರಿ. ರಜೆಯ ಲೆಕ್ಕಕ್ಕೂ ಸಾಲದ ಲೆಕ್ಕಕ್ಕೂ ಗಂಟು ಹಾಕಿದರೆ ಬಿಡಿಸಲು ವರ್ಷ ಹಿಡಿಯುತ್ತದೆ.

ಸಾವಿನ ವಿಷಯದಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಪದ್ಧತಿ. ಕೆಲವರಿಗೆ ಮೂರು ದಿನದ ಕಾರ್ಯ, ಕೆಲವರಿಗೆ ಹನ್ನೊಂದು, ಹದಿಮೂರು ದಿನದ ಸೂತಕ. ಯಾರ ಸೂತಕ ಎಷ್ಟು ಎಂದು ತೂಗಲು ಹೋಗದೆ ಎಲ್ಲರಿಗೂ ಸಮನಾಗಿ ಐದು ದಿನ ಸಂಬಳಸಹಿತ ಕೊಟ್ಟು, ಉಳಿದದ್ದನ್ನು ಅವರ ರಜೆ ಖಾತೆಯಿಂದ ತೆಗೆಯಲು ಬಿಡಿ. ಚೀಟಿ, ದಾಖಲೆ ಯಾವುದೂ ಬೇಡ.

ಆರನೇ ಹಂತ: ಹೋದವರ ಕೆಲಸ ಮಾಡುವವರಾರು

ಪ್ರತಿಯೊಂದು ಕೆಲಸವೂ ಇಬ್ಬರಿಗೆ ಗೊತ್ತಿರಬೇಕು. ತೂಕದ ಚೀಟಿ ಬರೆಯುವವನು, ಪ್ರೆಸ್ ಯಂತ್ರ ನಡೆಸುವವಳು, ಬ್ಯಾಂಕಿಗೆ ಹೋಗುವವನು ಇವರಿಗೆ ತಿಂಗಳಿಗೊಮ್ಮೆಯಾದರೂ ಇನ್ನೊಬ್ಬರ ಜಾಗ ಬದಲಿಸಿ. ಹೆರಿಗೆ ರಜೆಗೆ ಬದಲಿಯವರನ್ನು ತೆಗೆದುಕೊಂಡರೆ, ಯಾವ ದಿನಾಂಕದವರೆಗೆ ಎಂದು ನೇಮಕದ ಪತ್ರದಲ್ಲೇ ಕಾಣಿಸಿ. ಇಲ್ಲವಾದರೆ ಜುಲೈನಲ್ಲಿ ಒಂದು ಕುರ್ಚಿಗೆ ಇಬ್ಬರಾಗುತ್ತಾರೆ. ರಜೆಯಲ್ಲಿರುವವರಿಗೆ ‘ಒಂದೇ ನಿಮಿಷ’ ಎಂದು ದಿನಕ್ಕೆ ನಾಲ್ಕು ಫೋನು ಮಾಡುವ ಅಭ್ಯಾಸ ನಿಲ್ಲಿಸಿ. ಆಸ್ಪತ್ರೆಯ ವರಾಂಡದಲ್ಲಿ ನಿಂತು ಸ್ಟಾಕಿನ ಲೆಕ್ಕ ಹೇಳಿದ ದಿನ ರಜೆಯ ದಿನವಾಗುವುದಿಲ್ಲ.

ಏಳನೇ ಹಂತ: ಮರಳಿ ಬರುವ ದಿನ

ಒಂದು ವಾರ ಮುಂಚೆ ಒಮ್ಮೆ ಫೋನ್ ಮಾಡಿ, ಬರುವ ದಿನವನ್ನು ಖಚಿತಪಡಿಸಿಕೊಳ್ಳಿ. ಇಎಸ್‌ಐ ರಜೆಯಿಂದ ಬರುವವರು ಫಿಟ್‌ನೆಸ್ ಸರ್ಟಿಫಿಕೇಟ್ ತರಬೇಕು. ಬಾಣಂತಿಗೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು ಕೊಡಬೇಕು, ಮತ್ತು ಇದು ಊಟದ ಬಿಡುವಿನ ಹೊರತಾದದ್ದು. 50 ಅಥವಾ ಹೆಚ್ಚು ಜನರಿರುವ ಕಡೆ ಶಿಶುಪಾಲನಾ ಕೊಠಡಿ ಕಡ್ಡಾಯ. ಅಷ್ಟು ಜನರಿಲ್ಲದಿದ್ದರೂ ಬಾಗಿಲು ಹಾಕಿಕೊಳ್ಳಬಹುದಾದ, ಮಳೆಗಾಲದಲ್ಲಿ ಒದ್ದೆಯಾಗದ ಒಂದು ಮೂಲೆಯನ್ನು ಗೊತ್ತು ಮಾಡುವುದು ಕಷ್ಟವೇನಲ್ಲ. ಮೊದಲ ದಿನ ಕೆಲಸ ಹಚ್ಚುವ ಮೊದಲು ರಜೆ ಪುಸ್ತಕ ತೆರೆದು, ‘ನಿಜವಾಗಿ ಬಂದ ದಿನ’ದ ಮನೆ ತುಂಬಿ, ಖಾತೆಯಲ್ಲಿ ಉಳಿದ ದಿನಗಳನ್ನು ಓದಿ ಹೇಳಿ, ಸಹಿ ಹಾಕಿಸಿಕೊಳ್ಳಿ.